ನಾಲ್ಕನೆಯ ತುಂಡಿನ ಇನ್ನರ್ಧ

ವಿಶಾಖಪಟ್ಟಣ
೧೦ ಜೂನ್ ೨೦೧೩

ಮಾನ್ಯ ಗೋಪಣ್ಣನವರಿಗೆ ನಮಸ್ಕಾರಗಳು.

ನಾನು ಅಮರಾಪುರದ ಪಾಪಕ್ಕನ ಮಗಳು ವನಿತಾ. ಹದಿನೈದು ವರ್ಷಗಳ ಹಿಂದೆ ಅಮ್ಮ ರಾಯದುರ್ಗಕ್ಕೆ ಬಂದು, ನೀವು ಕಟಿಂಗ್ ಮಾಸ್ಟರ್ ಆಗಿರುವ ಜೀನ್ಸ್ ಯೂನಿಟ್ಟಿನಲ್ಲಿ ಎರಡು ವರ್ಷ ಗುಂಡಿ ಹಾಕುವ ಕೆಲಸ ಮಾಡಿದ್ದಳು. ನಿಮಗೆ ಬರೆಯಲು ಹೇಳಿದವಳು ಅವಳೇ. "ರಾಯದುರ್ಗದಾಗೆ ನಮ್ ಮಾಸ್ಟ್ರು ಅವ್ರೆ. ಪೇಪರ್ ಓದ್ದೆ ನೀರೂ ಕುಡಿಯಾಕಿಲ್ಲ. ಅವ್ರು ಒಪ್ಪಿದ್ರೆ ಕೆಲ್ಸ ಆಯ್ತು ಅಂತ್ಲೇ ತಿಳ್ಕ" ಎಂದಳು.

ನಾನು ಇಲ್ಲಿ ಮೀನುಗಳ ತಳಿ ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಕಡೆ ಸಂತೆಗಳಲ್ಲಿ ಬಾಣಂತಿಯರಿಗೆ ಹಾಲು ಹೆಚ್ಚಲೆಂದು ಒಣ ಸೊರ ಮಾರುತ್ತಾರಲ್ಲ, ಉಪ್ಪು ಹಾಕಿದ ಶಾರ್ಕ್ ಮೀನಿನ ಪಟ್ಟಿ, ಅದು ನನಗೆ ಬೇಕಾಗಿದೆ. ಹೆಬ್ಬೆರಳ ಉಗುರಿನಷ್ಟು, ಐದು ತುಂಡು. ಸಮುದ್ರದಲ್ಲಿ ಸೊರ ಕಡಿಮೆಯಾಗುತ್ತಿದೆ, ಕೆಲವು ಜಾತಿ ಮುಗಿದೇ ಹೋಗುವಂತಿವೆ. ಆದರೆ ದಡದಲ್ಲಿ ತಲೆ, ರೆಕ್ಕೆ ತೆಗೆದು ಪಟ್ಟಿ ಮಾಡಿದ ಮೇಲೆ ಯಾವುದು ಯಾವ ಜಾತಿ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಜೀವಕೋಶದಲ್ಲಿರುವ ಡಿಎನ್‌ಎ ಓದಿದರೆ ತಿಳಿಯುತ್ತದೆ. ಯಾವುದು ಎಷ್ಟು ಬಲಿಯಾಗುತ್ತಿದೆ ಎಂದು ಗೊತ್ತಾದರೆ ತಾನೇ ಉಳಿಸುವ ಮಾತು?

ಮಡಕಶಿರಾ ಸಂತೆಯಿಂದ ಕಳೆದ ತಿಂಗಳು ನಾನೇ ತಂದೆ. ರಾಯದುರ್ಗದಲ್ಲಿ ನನಗೆ ಯಾರೂ ಇಲ್ಲ. ಮಾರುವವರ ಹೆಸರು ಕೇಳುವುದಿಲ್ಲ. ಒಂದರಿಂದ ಐದರವರೆಗೆ ನಂಬರ್ ಹಾಕಿದ ಚೀಲಗಳನ್ನು ಇಟ್ಟಿದ್ದೇನೆ. ನನ್ನ ಫೋನ್ ನಂಬರು ಕೆಳಗಿದೆ.

ವಿಶ್ವಾಸದಿಂದ,
ವನಿತಾ


ರಾಯದುರ್ಗ
೨೪ ಜೂನ್ ೨೦೧೩

ಕುಮಾರಿ ವನಿತಾ ಅವರಿಗೆ,

ಕಾಗದ, ಐದು ಚೀಲ, ಫೋನ್ ನಂಬರು ತಲುಪಿದವು. ಫೋನ್ ಮಾಡುವುದಿಲ್ಲ. ಫೋನಿನಲ್ಲಿ ಆಡಿದ್ದನ್ನು ನಾಳೆ ಆಡಿಯೇ ಇಲ್ಲ ಎನ್ನಬಹುದು. ಕಾಗದಕ್ಕೆ ಆ ಸೌಕರ್ಯವಿಲ್ಲ.

ಪಾಪಕ್ಕನ ನೆನಪಿದೆ. ಅವಳು ಹಾಕಿದ ಗುಂಡಿ ಒಂದೂ ಉದುರಿದ್ದಿಲ್ಲ. ಆದರೆ ಗುಂಡಿಯನ್ನು ನಂಬಿದ ಮಾತ್ರಕ್ಕೆ ಮಗಳನ್ನು ನಂಬಬೇಕೆಂದಿಲ್ಲ.

ನನಗೆ ಅರವತ್ತೊಂದು. ಈ ಸೀಮೆಗೆ ಸಣ್ಣ ಚೀಲ ಹಿಡಿದು ಬಂದವರನ್ನೆಲ್ಲ ನೋಡಿದ್ದೇನೆ. ಓಬಳಾಪುರದ ಕಡೆ ನನ್ನ ಷಡ್ಡಕನ ಹೊಲಕ್ಕೆ ಟೋಪಿ ಹಾಕಿಕೊಂಡ ಇಬ್ಬರು ಬಂದು, ಬಟ್ಟೆ ಚೀಲದಲ್ಲಿ ಒಂದು ಹಿಡಿ ಕೆಂಪು ಮಣ್ಣು ಕೇಳಿದರು. "ಬರೀ ಪರೀಕ್ಷೆಗೆ" ಎಂದರು. ಷಡ್ಡಕ ಮಣ್ಣು ಕೊಟ್ಟು ಮಜ್ಜಿಗೆಯನ್ನೂ ಕುಡಿಸಿ ಕಳಿಸಿದ. ಈಗ ಆ ಹೊಲದ ಪಕ್ಕ ಗುಡ್ಡವಿಲ್ಲ, ಗುಂಡಿ ಇದೆ. ಮಣ್ಣಿನ ಪರೀಕ್ಷೆಯ ಫಲ ಏನಾಯಿತೆಂದು ಇವತ್ತಿನವರೆಗೂ ಯಾರೂ ಅವನಿಗೆ ಬರೆದು ತಿಳಿಸಿಲ್ಲ.

ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಕೊಡಿ. ಈ ಕೆಲಸಕ್ಕೆ ಹಣ ಯಾರದು? ಬಂದ ಫಲಿತಾಂಶ ನನಗೂ ತಿಳಿಸುತ್ತೀರೋ? ಮಾರಬಾರದ ಜಾತಿ ಸಿಕ್ಕರೆ ಮಾರಿದವರ ಗತಿ ಏನು? ಎರಡು ಸಾವಿರದ ಒಂದರಿಂದ ಕೆಲವು ಸೊರಗಳನ್ನು ವನ್ಯಜೀವಿ ಕಾನೂನಿನಲ್ಲಿ ಹುಲಿಯ ಪಟ್ಟಿಗೇ ಸೇರಿಸಿದ್ದಾರೆ ಎಂದು ನಾನೂ ಓದಿದ್ದೇನೆ.

ನೀವು ಹೆಸರು ಕೇಳುವುದಿಲ್ಲ ಎಂದಿದ್ದೀರಿ. ನಮ್ಮ ಸಂತೆಯಲ್ಲಿ ಸೊರ ಮಾರುವ ಹೆಂಗಸು ಒಬ್ಬಳೇ. ಒಬ್ಬಳೇ ಇರುವಲ್ಲಿ ಹೆಸರು ಕೇಳದಿರುವುದು ಯಾವ ದೊಡ್ಡಸ್ತಿಕೆ? ಪರೀಕ್ಷೆಗೆ ಚೂರು ಕೊಡುತ್ತೀಯಾ ಎಂದು ಅವಳನ್ನು ಕೇಳಿದೆ. "ಪರೀಕ್ಷಾ ಅಂದ್ರ ಏನ್ರಿ ಮಾಸ್ತರ? ಪಾಸಾದ್ರ ರೇಟು ಏರಸ್ತಾರೇನು? ಫೇಲಾದ್ರ ಯಾರು ಫೇಲು, ಮೀನೋ ನಾನೋ?" ಎಂದಳು. ನನ್ನ ಮೂರನೆಯ ಪ್ರಶ್ನೆಯೂ ಅದೇ.

ಗೋಪಣ್ಣ


ವಿಶಾಖಪಟ್ಟಣ
೪ ಜುಲೈ ೨೦೧೩

ಮಾನ್ಯರೇ,

ಹಣ ಸರ್ಕಾರದ ಸಂಶೋಧನಾ ಅನುದಾನದ್ದು. ಫಲಿತಾಂಶ ಮೊದಲು ನಿಮಗೇ ಬರೆಯುತ್ತೇನೆ. ಮಡಕಶಿರಾದಿಂದ ತಂದ ಆರು ತುಂಡುಗಳೂ ಸಣ್ಣ ಜಾತಿಯವು, ಯಾವ ನಿಷೇಧವೂ ಇಲ್ಲದವು. ನಿಮ್ಮಲ್ಲಿಯೂ ಹಾಗೇ ಇರುತ್ತದೆ. ನಿಷೇಧದ ಜಾತಿ ನಮ್ಮ ಒಳನಾಡಿನ ಸಂತೆಗೆ ಬರುವುದು ಬಹಳ ಅಪರೂಪ. ಆ ಹೆಂಗಸಿಗೆ ಚಿಂತೆ ಬೇಡವೆಂದು ಹೇಳಿ.

ನಾನೂ ಈ ಸೊರ ತಿಂದ ತಾಯಿಯ ಎದೆಹಾಲಿನಲ್ಲೇ ಬೆಳೆದವಳು.

ವನಿತಾ


ರಾಯದುರ್ಗ
೨೧ ಜುಲೈ ೨೦೧೩

ವನಿತಾ ಅವರಿಗೆ,

ಮೂರು ಪ್ರಶ್ನೆ ಕೇಳಿದರೆ ಎರಡಕ್ಕೆ ಉತ್ತರ ಬಂದಿದೆ. ಮೂರನೆಯದಕ್ಕೆ "ಅಪರೂಪ" ಎಂಬ ಪದ ಬಂದಿದೆ. ಅದು ಉತ್ತರವಲ್ಲ. ಆದರೂ ಕಳಿಸುತ್ತಿದ್ದೇನೆ. ಯಾಕೆಂದರೆ ನಿಮ್ಮ ವಿದ್ಯೆ ನಿಜವೋ ಸುಳ್ಳೋ ನೋಡುವ ಆಸೆ ನನಗೂ ಇದೆ.

ಐದು ಚೀಲದಲ್ಲಿ ಐದು ತುಂಡು. ಐದೂ ಒಂದೇ ಬುಟ್ಟಿಯವು.

ಅಂಚು ನೋಡಿ, ಹಲ್ಲುಹಲ್ಲಾಗಿದೆ. ನಮ್ಮ ಕಸುಬಿನಲ್ಲಿ ಬಟ್ಟೆಯ ಮಾದರಿ ಒಪ್ಪಿಗೆಯಾದಾಗ ಹಲ್ಲುಕತ್ತರಿಯಿಂದ ಎರಡು ಮಾಡುತ್ತೇವೆ. ಅರ್ಧ ಕೊಳ್ಳುವವನ ಬಳಿ, ಅರ್ಧ ನಮ್ಮ ಬಳಿ. ನಾಳೆ "ಇದು ನಾವು ಒಪ್ಪಿದ ಬಟ್ಟೆಯಲ್ಲ" ಎಂದರೆ ಎರಡನ್ನೂ ಮೇಜಿನ ಮೇಲೆ ಕೂಡಿಸುತ್ತೇವೆ. ಹಲ್ಲಿಗೆ ಹಲ್ಲು ಕೂತರೆ ನಿಜ, ಕೂರದಿದ್ದರೆ ಮೋಸ. ನಿಮ್ಮ ಐದು ತುಂಡಿನ ಇನ್ನರ್ಧಗಳೂ ನನ್ನ ಬಳಿ ಇವೆ. ಬೇರೆ ಯಾವುದೋ ಮೀನನ್ನು ರಾಯದುರ್ಗದ್ದು ಎಂದು ತೋರಿಸುವ ಯೋಚನೆ ಯಾರಿಗಾದರೂ ಬಂದರೆ ಇದನ್ನು ನೆನಪಿಸಿ. ಉಪ್ಪು ಹತ್ತಿ ಕತ್ತರಿಯ ಅಲಗು ಹೋಯಿತು. ಅದು ನನ್ನ ಖರ್ಚು.

ಗೋಪಣ್ಣ


ವಿಶಾಖಪಟ್ಟಣ
೨ ಸೆಪ್ಟೆಂಬರ್ ೨೦೧೩

ಗೋಪಣ್ಣನವರಿಗೆ,

ರಾಜ್ಯ ವಿಭಜನೆಯ ವಿರುದ್ಧದ ಚಳವಳಿಯಿಂದ ಅಲ್ಲಿ ಬಸ್ಸುಗಳೆಲ್ಲ ನಿಂತಿವೆಯೆಂದು ಕೇಳಿದೆ. ಈ ಕಾಗದ ಬೇಗ ಸಿಗಲೆಂದು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ.

ಒಂದು, ಎರಡು, ಮೂರು, ಐದು: ಸಣ್ಣ ಜಾತಿಯ ಸೊರ. ತೊಂದರೆಯಿಲ್ಲ.

ನಾಲ್ಕನೆಯದರ ಬಗ್ಗೆ ದಯವಿಟ್ಟು ಹೇಳಿ. ಅದೂ ಅದೇ ಬುಟ್ಟಿಯದೇ? ಯಾವಾಗ ಕೊಂಡಿರಿ? ಆ ಹೆಂಗಸಿಗೆ ಮಾಲು ಯಾವ ರೇವಿನಿಂದ ಬರುತ್ತದೆ? ಅದರ ಬಣ್ಣ ಉಳಿದವುಗಳಿಗಿಂತ ಕಪ್ಪಾಗಿರುವುದೇಕೆ? ಎರಡು ಸಲ ಪರೀಕ್ಷೆ ಮಾಡಿದ್ದೇವೆ. ಯಾಕೆ ಕೇಳುತ್ತಿದ್ದೇನೆಂದು ಈಗ ಹೇಳುವ ಹಾಗಿಲ್ಲ, ಕ್ಷಮಿಸಿ. ಸರಿಯಾದ ಉತ್ತರ ನನಗೆ ಬಹಳ ಮುಖ್ಯ. ಬೇಗ ಬರೆಯಿರಿ. ಇಲ್ಲವೇ ಒಂದೇ ಒಂದು ಸಲ ಫೋನ್ ಮಾಡಿ.

ವನಿತಾ


ರಾಯದುರ್ಗ
೧೬ ಸೆಪ್ಟೆಂಬರ್ ೨೦೧೩

ವನಿತಾ ಅವರಿಗೆ,

"ಈಗ ಹೇಳುವ ಹಾಗಿಲ್ಲ." ಓಬಳಾಪುರದ ಟೋಪಿಯವರೂ ಇದನ್ನೇ ಹೇಳಿದ್ದರು.

ಫಲಿತಾಂಶ ಮೊದಲು ನನಗೇ ಬರೆಯುತ್ತೇನೆ ಎಂದು ಜುಲೈ ನಾಲ್ಕರಂದು ನೀವು ಕೈಯಾರೆ ಬರೆದ ಕಾಗದ ನನ್ನ ಮುಂದಿದೆ. ನಾಲ್ಕನೆಯದು ಯಾವ ಮೀನು, ಅದನ್ನು ಮೊದಲು ಹೇಳಿ. ನಿಮ್ಮ ಯಂತ್ರಕ್ಕೆ ಅಷ್ಟೆಲ್ಲ ತಿಳಿಯುವುದಾದರೆ ಬುಟ್ಟಿ ಯಾವುದು, ದಿನ ಯಾವುದು ಎಂದು ನನ್ನನ್ನೇಕೆ ಕೇಳುತ್ತದೆ? ನಾನು ಬರೆದದ್ದು ಬರೆದದ್ದೇ. ಐದೂ ಒಂದೇ ಬುಟ್ಟಿಯವು. ಜುಲೈ ತಿಂಗಳ ಸಂತೆಯಲ್ಲಿ ಕೊಂಡದ್ದು.

ಮಾಲು ಎಲ್ಲಿಂದ ಬರುತ್ತದೆಂದು ಕೇಳಿದ್ದೀರಿ. ಮೊದಲು ಹೆಸರು ಬೇಡವೆಂದಿರಿ, ಈಗ ದಾರಿ ಕೇಳುತ್ತೀರಿ. ದಾರಿ ಹಿಡಿದರೆ ಮನೆ ಸಿಗುತ್ತದೆ. ಹೇಳುವುದಿಲ್ಲ.

ಗೋಪಣ್ಣ


ರಾಯದುರ್ಗ
೨೩ ಅಕ್ಟೋಬರ್ ೨೦೧೩

ವನಿತಾ,

ಅವಳ ಹೆಸರು ಕಾಟಮ್ಮ. ಇನ್ನು ಮುಚ್ಚಿಡುವುದಕ್ಕೇನಿದೆ? ಸರ್ಕಾರಿ ಕಾಗದದಲ್ಲೇ ಅಚ್ಚಾಗಿದೆ.

ನಿನ್ನೆ ಸಂತೆಗೆ ಅರಣ್ಯದವರ ಜೀಪು ಬಂತು. ಮೊದಲು ಉಳ್ಳಾಗಡ್ಡಿ ಮಾರುವವರ ಹತ್ತಿರ ನಿಂತು "ಸೊರ ಮಾರುವವಳು ಎಲ್ಲಿ?" ಎಂದು ಕೇಳಿದರು. ನಾನು ಹೇಳಿರಲಿಲ್ಲವೇ? ಹೆಸರು ಯಾರಿಗೂ ಬೇಕಾಗಲಿಲ್ಲ. ಮೂರು ಬುಟ್ಟಿಯನ್ನೂ ಜೀಪಿಗೆ ಹಾಕಿದರು. ಕಾಟಮ್ಮ ಮೊದಲು ನಕ್ಕಳು. "ಸಾಹೇಬ್ರ, ನಿಮ್ಮ ಮನ್ಯಾಗ ಬಾಣಂತಿ ಅದಾರೇನ್ರಿ? ಕೇಳಿದ್ರ ನಾನಽ ಕೊಡತಿದ್ನಿ, ಜೀಪ್ಯಾಕ ತರಬೇಕಿತ್ತು?" ಎಂದಳು. ಆಮೇಲೆ ಅವಳನ್ನೂ ಹತ್ತಿಸಿದರು. ಆಗ ನಗು ನಿಂತಿತು. ಸಂಜೆವರೆಗೆ ಕೂರಿಸಿಕೊಂಡು, ಕೇಸು ಬರೆದು, ವಾರಕ್ಕೊಮ್ಮೆ ಬಂದು ಸಹಿ ಹಾಕಬೇಕೆಂದು ಬಿಟ್ಟಿದ್ದಾರೆ. ಪ್ರಯೋಗಾಲಯದ ವರದಿ ನಿಜವೆಂದು ಸಾಬೀತಾದರೆ ಕನಿಷ್ಠ ಮೂರು ವರ್ಷ ಜೈಲಂತೆ. ಅವಳಿಗೆ ಓದು ಬರುವುದಿಲ್ಲ. ನೋಟೀಸನ್ನು ಮಡಚಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದಾಳೆ.

ಪಾಪಕ್ಕನ ಮಗಳೇ, ಒಣ ಮೀನಿನ ಚೂರಿಗೆ ಆಸೆಪಟ್ಟು ಒಬ್ಬ ಮುದುಕಿಯ ಹೊಟ್ಟೆಯ ಮೇಲೆ ಹೊಡೆದೆಯಲ್ಲ. ಸಮುದ್ರದ ಮೀನು ಹಿಡಿಯುವ ದೋಣಿಯವರು ಸಿಗಲಿಲ್ಲವೇ? ಪಟ್ಟಿ ಮಾಡುವ ಸಗಟು ವ್ಯಾಪಾರಿ ಸಿಗಲಿಲ್ಲವೇ? ಐನೂರು ಮೈಲಿ ದಾಟಿ ಬಂದು ಕೊನೆಯವಳೇ ಸಿಕ್ಕಳೇ?

೨೪ ಅಕ್ಟೋಬರ್

ನಿನ್ನೆ ಇಷ್ಟು ಬರೆದು ಅಂಚೆಪೆಟ್ಟಿಗೆಗೆ ಹಾಕಲು ಹೊರಟೆ. ದಾರಿಯಲ್ಲಿ ಕಾಟಮ್ಮ ನೋಟೀಸು ಓದಿ ಹೇಳಲು ಕೇಳಿದಳು. ಓದಿದೆ. "ಮೀನಿನ ಮಾದರಿ ಸಂಖ್ಯೆ ೪ರ ಆಧಾರದ ಮೇಲೆ" ಎಂದಿತ್ತು. ಕಾಗದವನ್ನು ಮನೆಗೆ ವಾಪಸು ತಂದೆ. ಮುಂದಿನದನ್ನು ಅದರಲ್ಲೇ ಸೇರಿಸುತ್ತಿದ್ದೇನೆ.

ನಾಲ್ಕನೆಯ ತುಂಡು ಕಾಟಮ್ಮನದಲ್ಲ. ನನ್ನ ಮನೆಯದು. ೧೯೭೬ರದು.

ನಿಮ್ಮನ್ನು ಪರೀಕ್ಷಿಸಲು ಹಾಕಿದೆ. ಬೇರೆ ಮೀನೊಂದನ್ನು ಸೇರಿಸಿ, ಐದೂ ಒಂದೇ ಬುಟ್ಟಿಯವು ಎಂದು ಬರೆದರೆ, ನೀವು ಮೋಸಗಾರರಾದರೆ "ಐದೂ ಒಂದೇ" ಎನ್ನುತ್ತೀರಿ, ನಿಜವಾದರೆ "ನಾಲ್ಕು ಬೇರೆ" ಎನ್ನುತ್ತೀರಿ. ಇಷ್ಟೇ ನನ್ನ ಲೆಕ್ಕ. ಸೆಪ್ಟೆಂಬರಿನಲ್ಲಿ ನೀವು ಸರಿಯಾಗಿ ನಾಲ್ಕನ್ನೇ ಹಿಡಿದಿರಿ. ಆವತ್ತೇ ಒಪ್ಪಿಕೊಳ್ಳಬೇಕಿತ್ತು. ನೀವು ಏನೋ ಮುಚ್ಚಿಡುತ್ತಿದ್ದೀರಿ ಎಂಬ ಸಿಟ್ಟಿಗೆ ನಾನೂ ಮುಚ್ಚಿಟ್ಟೆ.

ಇದನ್ನು ಅರಣ್ಯದವರಿಗೆ ತಕ್ಷಣ ತಿಳಿಸಿ.

ಗೋಪಣ್ಣ


ವಿಶಾಖಪಟ್ಟಣ
೪ ನವೆಂಬರ್ ೨೦೧೩

ಗೋಪಣ್ಣನವರಿಗೆ,

ಜುಲೈನಲ್ಲಿ "ಒಂದೇ ಬುಟ್ಟಿ" ಎಂದು ಬರೆದಿರಿ. ಸೆಪ್ಟೆಂಬರಿನಲ್ಲಿ "ಬರೆದದ್ದು ಬರೆದದ್ದೇ" ಎಂದಿರಿ. ಈಗ ೧೯೭೬ ಎನ್ನುತ್ತೀರಿ. ಮೂರರಲ್ಲಿ ಯಾವುದನ್ನು ನಂಬಲಿ? ನಿಮ್ಮ ಕಾಗದಗಳನ್ನು ನಮ್ಮ ಮುಖ್ಯಸ್ಥರ ಮುಂದಿಟ್ಟೆ. "ಊರಿನವಳನ್ನು ಉಳಿಸಲು ಮುದುಕ ಕಥೆ ಕಟ್ಟುತ್ತಿದ್ದಾನೆ" ಎಂದರು. ಅಲ್ಲವೆನ್ನಲು ನನ್ನ ಬಳಿ ಏನೂ ಇರಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಹಾಗೇ ಅನ್ನಿಸಿತು.

ನಾನು ಮುಚ್ಚಿಟ್ಟದ್ದನ್ನೂ ಹೇಳಿಬಿಡುತ್ತೇನೆ. ನಾಲ್ಕನೆಯದು ಹುಲಿಯ ಪಟ್ಟಿಗೆ ಸೇರಿದ ಸೊರ. ಮೂವತ್ತು ವರ್ಷಗಳಿಂದ ಈ ಕರಾವಳಿಯಲ್ಲಿ ಅದನ್ನು ಯಾರೂ ಕಂಡಿಲ್ಲ. ಮುಗಿದುಹೋಯಿತೆಂದೇ ಎಲ್ಲರೂ ತಿಳಿದಿದ್ದಾರೆ. ಮ್ಯೂಸಿಯಮ್ಮಿನ ಹಳೆಯ ಮೀನೊಂದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಅದು ಹೊಂದಲಿಲ್ಲ. ಕಂಪ್ಯೂಟರಿನಲ್ಲಿ ಆ ಹೆಸರು ಬಂದ ದಿನ ನಾನು ಊಟ ಮಾಡಲಿಲ್ಲ. ಜುಲೈ ತಿಂಗಳ ಸಂತೆಯಲ್ಲಿ ಅದು ಮಾರಾಟವಾಗಿದ್ದರೆ ಸಮುದ್ರದಲ್ಲಿ ಎಲ್ಲೋ ಅದು ಇನ್ನೂ ಬದುಕಿದೆ ಎಂದರ್ಥ. ಎಲ್ಲಿ ಎಂದು ಗೊತ್ತಾದರೆ ಆ ಜಾಗದಲ್ಲಿ ಬಲೆ ಹಾಕುವುದನ್ನು ನಿಲ್ಲಿಸಬಹುದಿತ್ತು. ಅದಕ್ಕೇ ರೇವು ಕೇಳಿದ್ದು. ಅಂಥದ್ದು ಸಿಕ್ಕರೆ ಇಲಾಖೆಗೆ ತಿಳಿಸಲೇಬೇಕೆಂಬ ನಿಯಮ ನನಗೆ ಜೂನಿನಲ್ಲೇ ಗೊತ್ತಿತ್ತು. ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರ ಅದೇ. ಬರೆದರೆ ನೀವು ತುಂಡು ಕಳಿಸುತ್ತಿರಲಿಲ್ಲ. ಇಲ್ಲಿ ನನ್ನದು ತಾತ್ಕಾಲಿಕ ಕೆಲಸ, ಮಾರ್ಚಿಗೆ ಮುಗಿಯುತ್ತದೆ. ಈ ಒಂದು ಮೀನಿನಿಂದ ಅದು ಕಾಯಂ ಆಗುತ್ತಿತ್ತು.

ಅಪ್ಪ ದೊಡ್ಡರಂಗಪ್ಪ ಫೋನಿನಲ್ಲಿ ಎಲ್ಲ ಕೇಳಿ, "ನೀನೂ ಸುಳ್ಳೇಳ್ದೆ, ಆವಯ್ಯನೂ ಸುಳ್ಳೇಳ್ದ. ಸಿಗಾಕ್ಕೊಂಡಿದ್ದು ಮಾತ್ರ ಏನೂ ಹೇಳ್ದಿದ್ದ ಆವಮ್ಮ" ಎಂದರು. ಅವರು ಕುರಿ ಕಾಯುವವರು, ಹೆಚ್ಚು ಮಾತಾಡುವುದಿಲ್ಲ.

ಆ ತುಂಡು ೧೯೭೬ರದೇ ಎನ್ನಲು ನಿಮ್ಮ ಮಾತಲ್ಲದೆ ಬೇರೆ ಏನಾದರೂ ಇದ್ದರೆ ಕಳಿಸಿ. ನಿಮ್ಮ ಮಾತು ಸಾಲದು.

ವನಿತಾ


ರಾಯದುರ್ಗ
೧೮ ನವೆಂಬರ್ ೨೦೧೩

ವನಿತಾ ಅವರಿಗೆ,

ನನ್ನ ಮಾತು ಸಾಲದು. ಇದನ್ನು ನನಗೆ ಈವರೆಗೆ ಯಾರೂ ಹೇಳಿರಲಿಲ್ಲ. ನಾನೇ ಎಲ್ಲರಿಗೂ ಹೇಳುತ್ತಿದ್ದೆ.

ರಿಜಿಸ್ಟರ್ಡ್ ಪಾರ್ಸೆಲಿನಲ್ಲಿ ಎರಡು ವಸ್ತು ಬರುತ್ತಿವೆ. ಒಂದು ಒಣ ಸೊರದ ಬಾಲ. ಇನ್ನೊಂದು ಫೋಟೊ.

ನಮ್ಮ ಹಳೆಯ ಮನೆತನಗಳಲ್ಲಿ ಒಂದು ಪದ್ಧತಿಯಿತ್ತು. ಬಾಣಂತಿಗೆ ಮೊದಲು ಬೇಯಿಸುವ ಸೊರದ ಬಾಲವನ್ನು ಕತ್ತರಿಸಿ, ತೂತು ಮಾಡಿ, ಅರಿಸಿನದ ದಾರ ಪೋಣಿಸಿ ತೊಟ್ಟಿಲಿಗೆ ಕಟ್ಟುತ್ತಿದ್ದರು, ತಾಯಿಯ ಹಾಲು ಬತ್ತಬಾರದೆಂದು. ಆಗ ಸೊರ ಇಡಿಯಾಗಿ ಬರುತ್ತಿತ್ತು. ಪಟ್ಟಿ ಬಂದ ಮೇಲೆ ಬಾಲವೂ ಇಲ್ಲ, ಪದ್ಧತಿಯೂ ಇಲ್ಲ. ೧೯೭೬ರಲ್ಲಿ ನನ್ನ ಹೆಂಡತಿ ಚಿನ್ನಕ್ಕನ ಸೋದರಮಾವ ನೆಲ್ಲೂರಿನ ಕಡಲದಡದ ಉಪ್ಪಿನ ಕೊಟಾರಿನಲ್ಲಿ ಉಪ್ಪು ತೆಗೆಯುವ ಕೆಲಸದಲ್ಲಿದ್ದ. ಮೊದಲ ಹೆರಿಗೆಗೆಂದು ಅಲ್ಲಿಂದ ಸೊರ ತಂದುಕೊಟ್ಟ. ಹೆಣ್ಣು ಮಗು. ಪಾಲಮ್ಮ ಎಂದು ಹೆಸರಿಟ್ಟೆವು. ಹನ್ನೊಂದು ತಿಂಗಳಿದ್ದಳು. ಆಮೇಲೆ ನಮಗೆ ಮಕ್ಕಳಾಗಲಿಲ್ಲ.

ಬಾಲ ಚಿನ್ನಕ್ಕನ ಟ್ರಂಕಿನಲ್ಲಿತ್ತು. ಅವಳಿಗೆ ತಿಳಿಯದಂತೆ ನಾನು ಅದರ ತುದಿ ಕತ್ತರಿಸಿ ನಿಮಗೆ ಕಳಿಸಿದ್ದೆ.

ಮೊನ್ನೆ ಹೇಳಿದೆ. ಟ್ರಂಕು ತೆರೆದು, ಬಟ್ಟೆ ಬಿಚ್ಚಿ, ಹಲ್ಲುಹಲ್ಲಾದ ಅಂಚಿನ ಮೇಲೆ ಬೆರಳಾಡಿಸಿದಳು.

"ಯಾವಾಗ ಕತ್ತರಿಸಿದ್ರಿ?"

"ಜುಲೈದಾಗ."

"ನಾಕು ತಿಂಗಳಾತು. ನನಗ ಹೇಳಬೇಕಂತ ಅನಿಸ್ಲಿಲ್ಲ?"

"ಉಗುರಿನಷ್ಟು ಚೂರು ಚಿನ್ನಾ."

"ಊರಾಗಿನ ಕಳ್ಳರನ್ನೆಲ್ಲ ಹಿಡಿಯಾಕ ಹೊಂಟೀರಿ. ಮನಿ ಟ್ರಂಕಿಗೆ ಕೈ ಹಾಕಿದವರು ನೀವು."

ಅವಳು ಗೋಡೆಯ ಮೇಲಿನ ಫೋಟೊವನ್ನು ತಾನೇ ಇಳಿಸಿ ಕಟ್ಟು ಬಿಚ್ಚಿದಳು. ನಾಮಕರಣದ ದಿನ ಫೋಟೊದವನನ್ನು ಮನೆಗೆ ಕರೆಸಿ ತೆಗೆಸಿದ್ದು, ಆ ಮಗುವಿನ ಒಂದೇ ಫೋಟೊ. ತೊಟ್ಟಿಲ ಕೊಂಡಿಯಲ್ಲಿ ಬಾಲ ನೇತಾಡುತ್ತಿದೆ. ಕೆಳ ಅಂಚಿನಲ್ಲಿ ಅರ್ಧಚಂದ್ರದಂತೆ ಕಚ್ಚು ಬಿದ್ದಿದೆ ನೋಡಿ, ಬಹುಶಃ ಬೇರೆ ಮೀನು ಕಚ್ಚಿದ್ದು. ಪಾರ್ಸೆಲಿನ ಬಾಲದಲ್ಲೂ ಅದೇ ಕಚ್ಚು, ಅದೇ ಜಾಗ. ಹಿಂದೆ ಸ್ಟುಡಿಯೋ ಮುದ್ರೆ, ತಾರೀಖು ಇವೆ. ಬಾಲದ ತುದಿಗೆ ನಿಮ್ಮ ನಾಲ್ಕನೆಯ ತುಂಡನ್ನು ಕೂಡಿಸಿ. ಹಲ್ಲಿಗೆ ಹಲ್ಲು ಕೂರಬೇಕು.

"ಕಾಟಮ್ಮನ್ನ ಬಿಡಸ್ರಿ. ಆಮ್ಯಾಲೆ ನನ್ನ ಮುಂದ ಬರ್ರಿ" ಎಂದಿದ್ದಾಳೆ. ಅರಣ್ಯದವರಿಗೆ ನನ್ನ ಸಹಿಯ ಹೇಳಿಕೆಯನ್ನು ಬೇರೆಯಾಗಿ ಕೊಟ್ಟಿದ್ದೇನೆ. ಬೇಕಾದರೆ ನನ್ನ ಮೇಲೆ ಕೇಸು ಹಾಕಲಿ. ಎರಡನ್ನೂ ಹಿಂದಿರುಗಿಸಿ. ಎರಡನ್ನೂ.

ಗೋಪಣ್ಣ


ವಿಶಾಖಪಟ್ಟಣ
೧೨ ಡಿಸೆಂಬರ್ ೨೦೧೩

ಗೋಪಣ್ಣನವರಿಗೆ, ಚಿನ್ನಕ್ಕನವರಿಗೆ,

ಮುಖ್ಯಸ್ಥರು, ಅರಣ್ಯ ಅಧಿಕಾರಿ, ನಾನು, ಮೂವರೂ ಮೇಜಿನ ಸುತ್ತ ನಿಂತಿದ್ದೆವು. ತುಂಡನ್ನು ಬಾಲಕ್ಕೆ ಕೂಡಿಸಿದೆ. ಆರು ಹಲ್ಲು. ಆರೂ ಕೂತವು. ಫೋಟೊವನ್ನು ದೊಡ್ಡದು ಮಾಡಿ ಕಚ್ಚನ್ನೂ ಅಳೆದೆವು.

ಕಾಟಮ್ಮನ ಮೇಲಿನ ಕೇಸು ಕೈಬಿಟ್ಟಿದ್ದಾರೆ, ಆದೇಶದ ಪ್ರತಿ ಇದರೊಂದಿಗಿದೆ. ಅವರಿಗೆ ಓದಿ ಹೇಳಿ. ಬಾಲವನ್ನು ನೀವಾಗಿಯೇ ಒಪ್ಪಿಸಿದಂತೆ ಬರೆದುಕೊಂಡಿದ್ದಾರೆ, ನಿಮ್ಮ ಮೇಲೆ ಕೇಸಿಲ್ಲ. ಮೂರು ಬುಟ್ಟಿಯ ಮಾಲು ಗೋದಾಮಿನಲ್ಲಿ ಹುಳ ಹಿಡಿದು ಹಾಳಾಯಿತಂತೆ. ಅದಕ್ಕೆ ಯಾರೂ ಜವಾಬ್ದಾರರಲ್ಲವಂತೆ.

ಆ ಸೊರ ಬದುಕಿದೆ ಎಂದು ನಾವು ಕಳಿಸಿದ್ದ ವರದಿಯನ್ನು ನಾನೇ ಹಿಂತೆಗೆದುಕೊಂಡೆ. ಅದರ ಮೇಲೆ "ತಪ್ಪು" ಎಂದು ಬರೆಯುವಾಗ, ೧೯೭೬ರಲ್ಲಿ ಅದು ನೆಲ್ಲೂರಿನ ಉಪ್ಪಿನ ಕೊಟಾರಿಗೆ ಬರುವಷ್ಟು ಇತ್ತಲ್ಲ ಎನ್ನುವುದೇ ಮನಸ್ಸಿನಲ್ಲಿತ್ತು.

ಫೋಟೊ ಹಿಂದಿರುಗಿಸುತ್ತಿದ್ದೇನೆ. ಬಾಲ ಸಿಗುವುದಿಲ್ಲ. ಕಾನೂನಿನ ಪ್ರಕಾರ ಅದು ಈಗ ಸರ್ಕಾರದ ಸ್ವತ್ತು. ಎಷ್ಟು ಕೇಳಿದರೂ ಬಿಡಲಿಲ್ಲ. ಅರಿಸಿನದ ದಾರ ಮೀನಲ್ಲ ಎಂದು ವಾದಿಸಿ, ಅದನ್ನು ಬಿಚ್ಚಿ, ಫೋಟೊದ ಹಿಂದೆ ಇಟ್ಟಿದ್ದೇನೆ.

ವನಿತಾ


ರಾಯದುರ್ಗ
೨೨ ಜನವರಿ ೨೦೧೪

ಪಾಪಕ್ಕನ ಮಗಳಿಗೆ,

ದಾರ ತಲುಪಿತು. ಚಿನ್ನಕ್ಕ ಅದನ್ನು ಟ್ರಂಕಿನಲ್ಲಿಟ್ಟು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೂವತ್ತೇಳು ವರ್ಷದಲ್ಲಿ ಆ ಟ್ರಂಕಿಗೆ ಬೀಗ ಬಿದ್ದದ್ದು ಇದೇ ಮೊದಲು.

ಕಾಟಮ್ಮನಿಗೆ ಆದೇಶ ಓದಿ ಹೇಳಿದೆ. ನಾನು ಮಾಡಿದ್ದನ್ನೂ ಹೇಳಿದೆ. ಮರುವಾರ ಬುಟ್ಟಿಯ ಹತ್ತಿರ ಹೋದರೆ, "ದೂರ ನಿಂದರ್ರಿ ಮಾಸ್ತರ. ನಿಮ್ಮ ಕಿಸೇದಾಗ ಕತ್ತರಿ ಇರ್ತೈತಿ" ಎಂದಳು. ಸುತ್ತಲಿನವರೆಲ್ಲ ನಕ್ಕರು. ನಾನು ದೂರವೇ ನಿಂತೆ. ಮೂರು ವಾರ ಹಾಗೇ ನಡೆಯಿತು. ಜೀಪು ಬಂದ ಮೇಲೆ ನಮ್ಮ ಯೂನಿಟ್ಟಿನ ಹೆಣ್ಣುಮಕ್ಕಳು ಅವಳ ಬಳಿ ಸೊರ ಕೊಳ್ಳುವುದನ್ನೇ ಬಿಟ್ಟಿದ್ದಾರೆ. ಮೂರು ಬುಟ್ಟಿ ಇದ್ದಲ್ಲಿ ಒಂದೇ ಇದೆ, ಅದೂ ಸಂಜೆಗೆ ಅರ್ಧ ಉಳಿಯುತ್ತದೆ.

ನಿನ್ನೆ ಅವಳೇ ಕೂಗಿದಳು.

"ಆ ಹುಡುಗಿ ಇನ್ನೂ ಐತೇನ್ರಿ ಅಲ್ಲಿ?"

"ಮಾರ್ಚ್ ತನಕ ಐತಿ."

"ನನ್ನ ಬುಟ್ಟ್ಯಾಗ ಇರೋದು ಏನಂತ ಆಕಿ ಚೀಟಿ ಬರದು ಕೊಡ್ಲಿ. ಮುದ್ರಿ ಒತ್ತಿ ಕೊಡ್ಲಿ. ಅದನ್ನ ಬುಟ್ಟಿಗೆ ಕಟ್ಟತೀನಿ. ಕೇಸು ಬರದಿದ್ದು ಎಲ್ಲಾರೂ ನೋಡ್ಯಾರ, ಇದನ್ನೂ ನೋಡ್ಲಿ."

"ಚೂರು ಕೊಡಬೇಕಾಗ್ತದಲ್ಲ ಕಾಟಮ್ಮ."

"ಕೊಡತೀನಿ. ನನ್ನ ಕಣ್ಮುಂದ ಕತ್ತರಿಸ್ರಿ."

ಸಂತೆಯ ನಡುವೆ, ಅವಳ ಗೋಣಿಚೀಲದ ಮೇಲೆ ಕೂತು, ಅವಳೇ ಆರಿಸಿಕೊಟ್ಟ ಐದು ಪಟ್ಟಿಯನ್ನು ಹಲ್ಲುಕತ್ತರಿಯಿಂದ ಕತ್ತರಿಸಿದೆ. ಕತ್ತರಿಸಿದ ತುಂಡಿನ ಇನ್ನರ್ಧವನ್ನು ಅಭ್ಯಾಸದಿಂದ ಕಿಸೆಗೆ ಹಾಕಲು ಹೋದೆ. ಅವಳು ಕೈ ಚಾಚಿದಳು.

"ಇಲ್ಲಿ ಕೊಡ್ರಿ. ನಿಮ್ಮಿಬ್ರನ್ನೂ ನಾ ನಂಬಂಗಿಲ್ಲ."

ಐದು ತುಂಡು ಇದರೊಂದಿಗಿವೆ. ಯಾವ ಜಾತಿ ಬಂದರೂ ಇದ್ದದ್ದನ್ನು ಇದ್ದಂತೆ ಬರೆಯಿರಿ, ಮೊದಲು ಅವಳಿಗೆ ಬರೆಯಿರಿ. ಓದಿ ಹೇಳಲು ಅವಳು ಈ ಸಲ ಅಂಚೆಯವನನ್ನು ಗೊತ್ತುಮಾಡಿಕೊಂಡಿದ್ದಾಳೆ. ಇನ್ನರ್ಧಗಳು ಅವಳ ಎಲೆಅಡಿಕೆ ಚೀಲದಲ್ಲಿ, ಆ ನೋಟೀಸಿನಲ್ಲೇ ಸುತ್ತಿಕೊಂಡಿವೆ.

ಗೋಪಣ್ಣ